ಜಿಂಕೆಗೆ ಬಂದ ರೋಗ, ಸರ್ಕಾರಕ್ಕೆ ಬಂದ ಸುಸ್ತು: ವಿಸ್ಕಾನ್ಸಿನ್ ಕತೆ ಏನು ಹೇಳುತ್ತೆ?

2002ರ ಫೆಬ್ರವರಿ 28ರಂದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯ ಸರ್ಕಾರ ಮೂರು ಜಿಂಕೆಗಳ ಲ್ಯಾಬ್ ರಿಪೋರ್ಟ್ ಬಹಿರಂಗ ಮಾಡಿತು. ಹಿಂದಿನ ನವೆಂಬರ್‌ನಲ್ಲಿ ಮೌಂಟ್ ಹೊರೆಬ್ ಎಂಬ ಸಣ್ಣ ಊರಿನ ಹತ್ತಿರ ಬೇಟೆಗಾರರು ಹೊಡೆದಿದ್ದ ಜಿಂಕೆಗಳವು. ಮೂರಕ್ಕೂ 'ಕ್ರಾನಿಕ್ ವೇಸ್ಟಿಂಗ್ ಡಿಸೀಸ್' ಇತ್ತು. ಮಿಸಿಸಿಪ್ಪಿ ನದಿಯ ಪೂರ್ವಕ್ಕೆ ಈ ರೋಗ ಕಾಣಿಸಿಕೊಂಡಿದ್ದು ಅದೇ ಮೊದಲು. ಕೆಲವೇ ತಿಂಗಳಲ್ಲಿ ಸರ್ಕಾರ ಒಂದು ಭಾರೀ ನಿರ್ಧಾರಕ್ಕೆ ಬಂತು: ಸುಮಾರು 400 ಚದರ ಮೈಲಿ ಪ್ರದೇಶದಲ್ಲಿರುವ ಜಿಂಕೆಗಳನ್ನೆಲ್ಲ ಕೊಲ್ಲುವುದು. ಅಂದಾಜು ಸಂಖ್ಯೆ 25,000.

ಆಮೇಲೆ ಏನಾಯ್ತು ಅನ್ನೋದು ಬರೀ ಕಾಡುಪ್ರಾಣಿಗಳ ಸುದ್ದಿಯಲ್ಲ. ಕಣ್ಣಿಗೆ ಕಾಣದ, ನಿಧಾನಕ್ಕೆ ಹಬ್ಬುವ ಅಪಾಯವನ್ನು ಒಂದು ಚುನಾಯಿತ ಸರ್ಕಾರ ಹೇಗೆ ಎದುರಿಸುತ್ತೆ, ಎಲ್ಲಿ ಎಡವುತ್ತೆ ಅನ್ನೋದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗಂತೂ ಸಿಕ್ಕಿಲ್ಲ. ಒಂದೊಂದಾಗಿ ನೋಡೋಣ.

ಈ ರೋಗ ಅಂದ್ರೆ ಏನು?

ಹೆಸರು ಉದ್ದ ಇದೆ, ಚಿಕ್ಕದಾಗಿ ಸಿಡಬ್ಲ್ಯುಡಿ ಅನ್ನೋಣ. 1967ರಲ್ಲಿ ಕೊಲರಾಡೊದ ಒಂದು ಸಂಶೋಧನಾ ಕೇಂದ್ರದಲ್ಲಿ ಸಾಕಿದ್ದ ಜಿಂಕೆಗಳು ಮೇವು ಇದ್ದರೂ ಸೊರಗಿ ಸೊರಗಿ ಸಾಯತೊಡಗಿದವು. ಇದು ಮಿದುಳಿನ ಕಾಯಿಲೆ ಅಂತ ಗೊತ್ತಾಗೋಕೆ ಹತ್ತು ವರ್ಷವೇ ಬೇಕಾಯಿತು. ಬ್ರಿಟನ್ನಿನ ಹುಚ್ಚು ಹಸು ರೋಗದ ದಾಯಾದಿ ಇದು.

ಇದನ್ನು ತರೋದು ಬ್ಯಾಕ್ಟೀರಿಯಾ ಅಲ್ಲ, ವೈರಸ್ ಕೂಡ ಅಲ್ಲ. ಪ್ರಯಾನ್ ಅನ್ನೋ, ತಪ್ಪಾಗಿ ಮಡಚಿಕೊಂಡ ಒಂದು ಪ್ರೋಟೀನ್. ಪಕ್ಕದಲ್ಲಿರುವ ಸರಿಯಾದ ಪ್ರೋಟೀನನ್ನೂ ಅದು ತನ್ನ ಹಾಗೇ ಮಡಚಿಸುತ್ತೆ. ಜೀವವೇ ಇಲ್ಲದ ಒಂದು ವಸ್ತು ಹೀಗೆ ರೋಗ ಹರಡಬಹುದು ಅಂತ ವಾದಿಸಿದ ಸ್ಟಾನ್ಲಿ ಪ್ರುಸಿನರ್ ಅವರಿಗೆ 1997ರಲ್ಲಿ ನೊಬೆಲ್ ಬಂತು.

ಆಡಳಿತಕ್ಕೆ ತಲೆನೋವು ತರುವ ಗುಣಗಳು ನಾಲ್ಕು:

- ಸೋಂಕು ತಗುಲಿ ಒಂದೂವರೆ, ಎರಡು ವರ್ಷ ಜಿಂಕೆ ಆರೋಗ್ಯವಾಗಿಯೇ ಕಾಣುತ್ತೆ. ಅಷ್ಟೂ ದಿನ ರೋಗ ಹಂಚುತ್ತಾ ಓಡಾಡುತ್ತೆ.
- ಜೊಲ್ಲು, ಮೂತ್ರ, ಹಿಕ್ಕೆಯ ಮೂಲಕ ಪ್ರಯಾನ್ ಮಣ್ಣಿಗೆ ಸೇರುತ್ತೆ. ಅಲ್ಲಿ ವರ್ಷಗಟ್ಟಲೆ ಉಳಿಯುತ್ತೆ.
- ಲಸಿಕೆ ಇಲ್ಲ, ಔಷಧಿ ಇಲ್ಲ. ತಗುಲಿದ ಪ್ರತಿ ಜಿಂಕೆಯೂ ಸಾಯುತ್ತೆ.
- ಬೇಯಿಸಿದರೆ ಪ್ರಯಾನ್ ಸಾಯಲ್ಲ. ಸಾಯೋಕೆ ಅದಕ್ಕೆ ಜೀವ ಇದ್ದರೆ ತಾನೆ?

ಮನುಷ್ಯರಿಗೆ ಬರುತ್ತಾ? ಇದುವರೆಗೆ ಒಂದೂ ದೃಢಪಟ್ಟ ಪ್ರಕರಣ ಇಲ್ಲ. ಆದರೆ ಹುಚ್ಚು ಹಸು ರೋಗವೂ ಮನುಷ್ಯರಿಗೆ ಬರಲ್ಲ ಅಂತಲೇ ವರ್ಷಗಳ ಕಾಲ ಧೈರ್ಯ ಹೇಳಿದ್ದ ಬ್ರಿಟಿಷ್ ಸರ್ಕಾರ, 1996ರಲ್ಲಿ ಆ ಮಾತನ್ನು ನುಂಗಿಕೊಳ್ಳಬೇಕಾಯಿತು. ಆ ನೆನಪು ಇರೋದರಿಂದಲೇ ಅಮೆರಿಕದ ಸಿಡಿಸಿ ಇವತ್ತಿಗೂ ಹೇಳೋದು: ರೋಗ ಇರೋ ಪ್ರದೇಶದ ಜಿಂಕೆಯನ್ನು ಪರೀಕ್ಷೆ ಮಾಡಿಸಿ, ಪಾಸಿಟಿವ್ ಬಂದರೆ ತಿನ್ನಬೇಡಿ.

ಕಾಡಿನ ಜಿಂಕೆ ಯಾರ ಆಸ್ತಿ?

ಇದು ಗೊತ್ತಾಗದೆ ಮುಂದಿನ ರಾಜಕೀಯ ಅರ್ಥ ಆಗಲ್ಲ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಜಿಂಕೆ ಬೇಟೆ ಅಂದ್ರೆ ಜೈಲು. ಅಮೆರಿಕದಲ್ಲಿ ಬೇಟೆಯೇ ಸರ್ಕಾರದ ನಿರ್ವಹಣಾ ಸಾಧನ. ಕಾಡುಪ್ರಾಣಿ ಯಾರೊಬ್ಬರ ಸ್ವತ್ತಲ್ಲ, ಜನರ ಪರವಾಗಿ ರಾಜ್ಯ ಅದನ್ನು ಕಾಯುತ್ತೆ ಅನ್ನೋದು ಅಲ್ಲಿನ ಕಾನೂನಿನ ತಳಹದಿ. ಎಷ್ಟು ಜಿಂಕೆ ಇರಬೇಕು, ಯಾರು, ಯಾವಾಗ, ಎಷ್ಟು ಹೊಡೆಯಬಹುದು ಅನ್ನೋದನ್ನೆಲ್ಲ ರಾಜ್ಯದ ಇಲಾಖೆ ನಿಗದಿ ಮಾಡುತ್ತೆ. ವಿಸ್ಕಾನ್ಸಿನ್‌ನಲ್ಲಿ ಆ ಕೆಲಸ ನೈಸರ್ಗಿಕ ಸಂಪನ್ಮೂಲ ಇಲಾಖೆಯದ್ದು (ಡಿಎನ್‌ಆರ್).

ಇಲಾಖೆಯ ವನ್ಯಜೀವಿ ಕೆಲಸಕ್ಕೆ ದುಡ್ಡು ಎಲ್ಲಿಂದ? ಹೆಚ್ಚಿನ ಪಾಲು ಬೇಟೆ ಲೈಸೆನ್ಸ್‌ನಿಂದ. ಜೊತೆಗೆ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ಬಂದೂಕು, ಮದ್ದುಗುಂಡಿನ ಮೇಲೆ ಹಾಕುವ ತೆರಿಗೆಯಲ್ಲಿ ಪಾಲು. ಅಂದ್ರೆ ಬೇಟೆಗಾರರನ್ನು ನಿಯಂತ್ರಿಸೋ ಕೆಲಸ ಬಹುಪಾಲು ಅವರ ದುಡ್ಡಿನಲ್ಲೇ ನಡೆಯುತ್ತೆ. ವಿಸ್ಕಾನ್ಸಿನ್‌ನಲ್ಲಿ ನವೆಂಬರ್‌ನ ಒಂಬತ್ತು ದಿನದ ಬಂದೂಕು ಬೇಟೆಗೆ ಇಳಿಯೋರು ಐದು ಲಕ್ಷಕ್ಕೂ ಹೆಚ್ಚು ಜನ. ಅಲ್ಲಿನ ಹಳ್ಳಿಗಳಿಗೆ ಅದೊಂದು ಹಬ್ಬ. ಅಷ್ಟೂ ಜನ ಮತದಾರರು ಕೂಡ.

ಬೇಟೆಗಾರರಿಗೆ ಬೇಕಾಗಿರೋದು ಜಿಂಕೆ ಜಾಸ್ತಿ, ಕೊಂಬು ದೊಡ್ಡದು. ರೋಗ ತಡೆಯೋಕೆ ಬೇಕಾಗಿರೋದು ಜಿಂಕೆ ಕಡಿಮೆ, ಅದರಲ್ಲೂ ದೊಡ್ಡ ಕೊಂಬಿನ ವಯಸ್ಕ ಗಂಡುಗಳು ಕಡಿಮೆ. ಯಾಕಂದ್ರೆ ಸೋಂಕು ಹೆಚ್ಚಾಗಿ ಸಿಗೋದು ಅವುಗಳಲ್ಲೇ. ಸಂಘರ್ಷ ಇರೋದು ಇಲ್ಲಿ.

ಇದು ಹೊಸ ಜಗಳವೂ ಅಲ್ಲ. ಪರಿಸರ ಚಿಂತಕ ಆಲ್ಡೊ ಲಿಯೊಪೋಲ್ಡ್ ಇದೇ ರಾಜ್ಯದ ಸಂರಕ್ಷಣಾ ಆಯೋಗದಲ್ಲಿದ್ದರು. ಜಿಂಕೆ ಹೆಚ್ಚಾಗಿ ಕಾಡು ಹಾಳಾಗ್ತಿದೆ, ಹೆಣ್ಣು ಜಿಂಕೆಗಳನ್ನೂ ಹೊಡೆಯಬೇಕು ಅಂತ ಅವರು ಬೆಂಬಲಿಸಿದ 1943ರ ಬೇಟೆಯನ್ನು ವಿರೋಧಿಗಳು 'ನಲವತ್ಮೂರರ ಅಪರಾಧ' ಅಂತ ಕರೆದರು. ಅರವತ್ತು ವರ್ಷ ಕಳೆದು ರೋಗ ಬಂದಾಗಲೂ ಹೆಣ್ಣು ಜಿಂಕೆಯ ಪ್ರಶ್ನೆ ಬಗೆಹರಿದಿರಲಿಲ್ಲ.

2002ರ ನಂತರ ಸರ್ಕಾರ ಏನು ಮಾಡಿತು?

ಮೊದಲ ವರ್ಷದ ಚುರುಕನ್ನು ಮೆಚ್ಚಲೇಬೇಕು. ಜಿಂಕೆಗೆ ಮೇವು ಹಾಕುವುದನ್ನು, ಆಮಿಷ ಇಟ್ಟು ಹೊಡೆಯುವುದನ್ನು ನಿಷೇಧಿಸಲಾಯಿತು. ಒಂದೇ ರಾಶಿಗೆ ಹತ್ತು ಜಿಂಕೆ ಬಾಯಿ ಹಾಕಿದರೆ ಜೊಲ್ಲಿನಿಂದ ರೋಗ ಹಂಚಿದ ಹಾಗೆ. ಆ ಒಂದೇ ವರ್ಷ ರಾಜ್ಯಾದ್ಯಂತ ಸುಮಾರು 41,000 ಜಿಂಕೆಗಳ ಪರೀಕ್ಷೆ ನಡೆಯಿತು. ಪಾಸಿಟಿವ್ ಬಂದಿದ್ದು 200ರ ಆಸುಪಾಸು.

ಆಮೇಲೆ ಬಂದಿದ್ದು 'ಅರ್ನ್-ಎ-ಬಕ್' ನಿಯಮ: ಮೊದಲು ಒಂದು ಕೊಂಬಿಲ್ಲದ ಜಿಂಕೆ ಹೊಡಿ, ಆಮೇಲೆ ಕೊಂಬಿನದ್ದು ಹೊಡೆಯೋ ಹಕ್ಕು ಗಳಿಸು. ಲೆಕ್ಕದ ಪ್ರಕಾರ ಇದು ಸರಿಯಾದ ನಿಯಮ. ಹಿಂಡು ಬೆಳೆಯೋದು ಹೆಣ್ಣಿನಿಂದ. ಆದರೆ ಬೇಟೆಗಾರರು ಇದನ್ನು ದ್ವೇಷಿಸಿದರು. ಇದರ ಜೊತೆಗೆ ಸರ್ಕಾರವೇ ಗುರಿಕಾರರನ್ನು ಇಳಿಸಿತು. ಆ ನೈಋತ್ಯ ಭಾಗದಲ್ಲಿ ನೆಲ ಬಹುಪಾಲು ಖಾಸಗಿ. ಜಮೀನಿನವರು ಬೇಡ ಅಂದರೆ ಒಳಗೆ ಹೋಗೋ ಹಾಗಿಲ್ಲ. ಎಷ್ಟೋ ಜನ ಬೇಡ ಅಂದರು. ಕೊಲ್ಲೋಕಾಗದ ಪ್ರತಿ ಜಮೀನೂ ಜಿಂಕೆಗೆ ಆಶ್ರಯ ಆಯಿತು.

2002ರಲ್ಲಿ ಲೈಸೆನ್ಸ್ ಮಾರಾಟ ಸುಮಾರು ಹತ್ತು ಪರ್ಸೆಂಟ್ ಕುಸಿಯಿತು. ಇಲಾಖೆಗೆ ಜಾಸ್ತಿ ದುಡ್ಡು ಬೇಕಾದ ಹೊತ್ತಲ್ಲೇ ಆದಾಯ ಕಡಿಮೆ ಆಯಿತು. 2006ರಲ್ಲಿ ಶಾಸಕಾಂಗದ ಲೆಕ್ಕಪರಿಶೋಧಕರು ವರದಿ ಕೊಟ್ಟರು: ಮೂರು ಕೋಟಿ ಡಾಲರ್‌ಗೂ ಹೆಚ್ಚು ಖರ್ಚಾಗಿದೆ, ಆದರೆ ಜಿಂಕೆಗಳ ಸಂಖ್ಯೆ ಅಂದುಕೊಂಡಷ್ಟು ಇಳಿದಿಲ್ಲ.

ಅಲ್ಲಿಂದ ಹಿಂದಡಿ ಶುರು. 2007ರ ಹೊತ್ತಿಗೆ ಗುರಿಕಾರರ ಕೆಲಸ ನಿಂತಿತು. 2010ರ ಯೋಜನೆಯಲ್ಲಿ 'ನಿರ್ಮೂಲನೆ' ಹೋಗಿ 'ಹರಡದ ಹಾಗೆ ನೋಡಿಕೊಳ್ಳುವುದು' ಬಂತು. 2011ರಲ್ಲಿ ಶಾಸಕಾಂಗ ಅರ್ನ್-ಎ-ಬಕ್ ಅನ್ನೇ ರದ್ದು ಮಾಡಿತು. ಆಗಿನ ಗವರ್ನರ್ ಸ್ಕಾಟ್ ವಾಕರ್, ಟೆಕ್ಸಾಸ್‌ನ ಜೇಮ್ಸ್ ಕ್ರೋಲ್ ಅವರನ್ನು 'ಜಿಂಕೆ ಟ್ರಸ್ಟಿ' ಮಾಡಿದರು. ಅವರ ವರದಿಯ ನಂತರ ಸ್ಥಳೀಯ ಸಲಹಾ ಸಮಿತಿಗಳು ಬಂದವು. 2017ರ ಕಾನೂನು ಮೇವಿನ ನಿಷೇಧಕ್ಕೂ ಎರಡು-ಮೂರು ವರ್ಷದ ಎಕ್ಸ್‌ಪೈರಿ ಡೇಟ್ ಹಾಕಿತು. ಹೊಸ ಪ್ರಕರಣ ಸಿಗದಿದ್ದರೆ ನಿಷೇಧ ತಾನಾಗೇ ಹೋಗುತ್ತೆ.

ಪರೀಕ್ಷೆ? 2015ರ ಹೊತ್ತಿಗೆ ಮೂರು ಸಾವಿರದ ಸುತ್ತಮುತ್ತ ಇಳಿದಿತ್ತು. ಅದರಲ್ಲಿ ಪಾಸಿಟಿವ್ ಸುಮಾರು ಒಂಬತ್ತು ಪರ್ಸೆಂಟ್. ಎರಡೂ ವರ್ಷದ ಪರ್ಸೆಂಟನ್ನು ಪಕ್ಕಪಕ್ಕ ಇಟ್ಟು ಹೋಲಿಸೋದು ಸರಿಯಲ್ಲ; 2002ರಲ್ಲಿ ಇಡೀ ರಾಜ್ಯದಿಂದ ಸ್ಯಾಂಪಲ್ ಬಂದಿತ್ತು, ಆಮೇಲೆ ಹೆಚ್ಚಾಗಿ ರೋಗ ಇರೋ ಕಡೆಯಿಂದ. ಆದರೆ ಕಡಿಮೆ ಹುಡುಕಿಯೂ ಹೆಚ್ಚು ಸಿಕ್ಕಿತು ಅನ್ನೋದಂತೂ ನಿಜ. ಇವತ್ತು ಆ ನೈಋತ್ಯ ಭಾಗದ ಕೆಲವು ಕಡೆ ವಯಸ್ಕ ಗಂಡು ಜಿಂಕೆಗಳಲ್ಲಿ ಅರ್ಧದಷ್ಟಕ್ಕೆ ಸೋಂಕಿದೆ.

ಬೇರೆಯವರು ಏನು ಮಾಡಿದರು?

*ಇಲಿನಾಯ್:* ಗಡಿಯಾಚೆ 2002ರ ಕೊನೆಯಲ್ಲೇ ರೋಗ ಕಾಣಿಸಿತು. ಇಲ್ಲಿ ಯಾರೂ 'ಎಲ್ಲಾ ಜಿಂಕೆ ಕೊಲ್ತೀವಿ' ಅಂತ ಘೋಷಿಸಲಿಲ್ಲ. ಬೇಟೆ ಸೀಸನ್ ಮುಗಿದ ಮೇಲೆ ಪ್ರತಿ ಚಳಿಗಾಲ, ಪಾಸಿಟಿವ್ ಸಿಕ್ಕ ಜಾಗದ ಸುತ್ತ ಮಾತ್ರ ಸರ್ಕಾರಿ ಗುರಿಕಾರರು ಹೋಗಿ ಕೆಲಸ ಮಾಡಿದರು. ರೋಗ ಇಲ್ಲದ ಮಾಂಸ ಬಡವರ ಊಟಕ್ಕೆ ಹೋಯಿತು. ಮೊದಲ ಹತ್ತು ವರ್ಷ ಸೋಂಕು ಒಂದು ಪರ್ಸೆಂಟ್ ಆಸುಪಾಸಿನಲ್ಲೇ ನಿಂತಿತು. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ಎರಡೂ ರಾಜ್ಯಗಳನ್ನು ಹೋಲಿಸಿ ಹೇಳಿದ್ದೂ ಇದನ್ನೇ: ವಿಸ್ಕಾನ್ಸಿನ್ ಗುರಿಕಾರರನ್ನು ನಿಲ್ಲಿಸಿದ ಮೇಲೆ ಅಲ್ಲಿನ ಗೆರೆ ಮೇಲೇರಿತು, ಇಲಿನಾಯ್ ಗೆರೆ ಏರಲಿಲ್ಲ. ಇತ್ತೀಚೆಗೆ ಇಲಿನಾಯ್‌ನಲ್ಲೂ ಸೋಂಕು ಹೆಚ್ಚಿದೆ. ಅಂದ್ರೆ ಅವರು ಗೆದ್ದಿಲ್ಲ, ಆದರೆ ಬೆಲೆಬಾಳುವ ಹತ್ತು ವರ್ಷ ಉಳಿಸಿಕೊಂಡರು.

*ಮಿನ್ನೆಸೋಟ:* ಪೈನ್ ಐಲ್ಯಾಂಡ್ ಹತ್ತಿರ 2010ರ ಬೇಟೆಯಲ್ಲಿ ಸಿಕ್ಕಿದ್ದು ಒಂದೇ ಒಂದು ಕಾಡು ಜಿಂಕೆ. ತಕ್ಷಣ ಸಾವಿರಕ್ಕೂ ಹೆಚ್ಚು ಜಿಂಕೆ ತೆಗೆದು, ಮೂರು ವರ್ಷ ಪರೀಕ್ಷೆ ಮುಂದುವರಿಸಿದರು. ಅಲ್ಲಿ ಇನ್ನೊಂದು ಸಿಗಲಿಲ್ಲ. ರಾಜ್ಯದ ಬೇರೊಂದು ಜಾಗಕ್ಕೆ ಮಾತ್ರ 2016ರಲ್ಲಿ ಮತ್ತೆ ಬಂತು.

*ನಾರ್ವೆ:* 2016ರಲ್ಲಿ ನೂರ್‌ಫ್ಯೆಲ್ಲ ಬೆಟ್ಟಗಳ ಕಾಡು ಹಿಮಸಾರಂಗದಲ್ಲಿ ಯುರೋಪಿನ ಮೊದಲ ಪ್ರಕರಣ ಸಿಕ್ಕಿತು. ಸರ್ಕಾರ ಇಡೀ ಹಿಂಡನ್ನೇ ತೆಗೆಯಲು ತೀರ್ಮಾನಿಸಿತು. 2018ರ ಹೊತ್ತಿಗೆ ಎರಡು ಸಾವಿರಕ್ಕೂ ಹೆಚ್ಚು ಪ್ರಾಣಿಗಳು ಹೋದವು. ಅವುಗಳಲ್ಲಿ ಸೋಂಕು ಇದ್ದದ್ದು 19ಕ್ಕೆ. ಕ್ರೂರ ಅನ್ನಿಸುತ್ತೆ, ಅಲ್ವಾ? ಆದರೂ 2020ರಲ್ಲಿ ಪಕ್ಕದ ಹಾರ್ಡಾಂಗರ್‌ವಿಡ್ಡ ಪ್ರಸ್ಥಭೂಮಿಯಲ್ಲಿ ರೋಗ ಕಾಣಿಸಿಕೊಂಡಿತು.

ಹಾಗಾದರೆ ಕೊಲ್ಲೋದರಿಂದ ಉಪಯೋಗ ಇದೆಯೋ, ಇಲ್ಲವೋ?

ಎರಡು ಸುಲಭ ಉತ್ತರಗಳು ಚಲಾವಣೆಯಲ್ಲಿವೆ. 'ಅಷ್ಟು ಕೊಂದರೂ ರೋಗ ಹೋಗಲಿಲ್ಲ, ಆದ್ದರಿಂದ ಕೊಲ್ಲೋದು ವ್ಯರ್ಥ' ಅನ್ನೋದು ಒಂದು. 'ಸರ್ಕಾರ ಜನರ ಮಾತು ಕೇಳದೆ ಇನ್ನೂ ಗಟ್ಟಿಯಾಗಿ ಕೊಲ್ಲಬೇಕಿತ್ತು' ಅನ್ನೋದು ಇನ್ನೊಂದು. ಎರಡನ್ನೂ ನಾನು ಒಪ್ಪಲ್ಲ.

ಎಂಜಿನಿಯರಿಂಗ್‌ನಲ್ಲಿ ಓದಿದ ಕಂಟ್ರೋಲ್ ಸಿಸ್ಟಮ್ಸ್ ಪೇಪರ್ ನನಗೆ ಇಂಥ ಕಡೆ ನೆನಪಾಗುತ್ತೆ. ನೀವು ಗುಂಡಿ ಒತ್ತಿದ್ದಕ್ಕೂ ಫಲಿತಾಂಶ ಕಾಣೋದಕ್ಕೂ ನಡುವೆ ತಡ ಜಾಸ್ತಿ ಇದ್ದರೆ ಎರಡು ತಪ್ಪು ಮಾಡ್ತೀರಿ: ಮೊದಲು ಅತಿಯಾಗಿ ಒತ್ತುತ್ತೀರಿ, ಆಮೇಲೆ ಏನೂ ಆಗ್ತಿಲ್ಲ ಅಂತ ಕೈಬಿಡ್ತೀರಿ. ವಿಸ್ಕಾನ್ಸಿನ್ ಎರಡನ್ನೂ ಮಾಡಿತು. ರೋಗಕ್ಕೇ ಎರಡು ವರ್ಷದ ಸೋಂಕುಕಾಲ ಇದೆ, ಮಣ್ಣಿನಲ್ಲಿ ಅದಕ್ಕಿಂತ ಉದ್ದದ ಆಯಸ್ಸಿದೆ. ಅದರ ಮೇಲೆ ನಾಲ್ಕು ವರ್ಷದಲ್ಲಿ ತೀರ್ಪು ಕೊಟ್ಟರೆ ಬರೋದು 'ವಿಫಲ' ಅಂತಲೇ.

ನನ್ನ ಪ್ರಕಾರ ದೊಡ್ಡ ತಪ್ಪು ಆಗಿದ್ದು ಮೊದಲ ಪದದಲ್ಲೇ: 'ನಿರ್ಮೂಲನೆ'. ಆ ಗುರಿ ಇಟ್ಟುಕೊಂಡ ಮೇಲೆ ಸೋಂಕು ಒಂದು ಪರ್ಸೆಂಟ್‌ನಲ್ಲಿ ನಿಂತರೂ ಸೋಲು, ಐವತ್ತಾದರೂ ಸೋಲು. 'ಮುಂದಿನ ಹತ್ತು ವರ್ಷ ಇದನ್ನು ಇಷ್ಟರಲ್ಲೇ ಹಿಡಿದಿಡುತ್ತೇವೆ, ಅದಕ್ಕೆ ಪ್ರತಿ ವರ್ಷ ಇಷ್ಟು ಖರ್ಚು, ಇಷ್ಟು ಕಿರಿಕಿರಿ' ಅಂತ ಹೇಳಿದ್ದರೆ ಜನ ಒಪ್ಪುತ್ತಿದ್ದರೋ ಇಲ್ಲವೋ, ಕೊನೇಪಕ್ಷ ಅಳೆಯೋಕೆ ಒಂದು ಅಳತೆಗೋಲು ಇರ್ತಿತ್ತು.

ಈಗ ಏನು ಉಳಿದಿದೆ?

ಉತ್ತರ ಅಮೆರಿಕದ 30ಕ್ಕೂ ಹೆಚ್ಚು ರಾಜ್ಯಗಳಲ್ಲಿ ಈಗ ರೋಗ ಇದೆ. 2023ರಲ್ಲಿ ಯೆಲ್ಲೊಸ್ಟೋನ್ ಉದ್ಯಾನದೊಳಗೂ ಸಿಕ್ಕಿತು. ಸಾಕಣೆ ಕೇಂದ್ರಗಳ ಜಿಂಕೆ, ಎಲ್ಕ್ ಸಾಗಾಟವೂ ಇದನ್ನು ದೂರದೂರಕ್ಕೆ ಒಯ್ದಿದೆ. ದಕ್ಷಿಣ ಕೊರಿಯಾಕ್ಕೆ ರೋಗ ಹೋಗಿದ್ದು ಕೆನಡಾದಿಂದ ತರಿಸಿದ ಎಲ್ಕ್‌ಗಳ ಜೊತೆ.

ವಿಸ್ಕಾನ್ಸಿನ್‌ನಲ್ಲಿ ಇವತ್ತು ಉಳಿದಿರೋದು ಸಣ್ಣ ಸಣ್ಣ ಕೆಲಸಗಳು. ಬೇಟೆಗಾರರು ಜಿಂಕೆಯ ತಲೆ ಬಿಟ್ಟುಹೋಗೋಕೆ ರಸ್ತೆ ಪಕ್ಕದ ಪೆಟ್ಟಿಗೆಗಳು, ಉಚಿತ ಪರೀಕ್ಷೆ, ಅಳಿದುಳಿದ ಮೂಳೆ-ಮಾಂಸ ಕಾಡಿಗೆಸೆಯದಂತೆ ಊರಿನವರೇ ದತ್ತು ತಗೊಂಡ ಕಸದ ತೊಟ್ಟಿಗಳು. 2017ರಿಂದ ಸಾವಿರಕ್ಕೂ ಹೆಚ್ಚು ಜಿಂಕೆ ಮತ್ತು ಬೇಟೆಯಾಡುವ ಪ್ರಾಣಿಗಳಿಗೆ ಕಾಲರ್ ಹಾಕಿ ಇಲಾಖೆ ಮಾಡಿದ ಅಧ್ಯಯನ, ಸೋಂಕಿತ ಜಿಂಕೆಗಳು ವರ್ಷ ದಾಟಿ ಬದುಕುವ ಸಾಧ್ಯತೆ ಬಹಳ ಕಡಿಮೆ ಅಂತ ತೋರಿಸಿದೆ. ಹೆಣ್ಣು ಜಿಂಕೆಗಳಲ್ಲಿ ಸೋಂಕು ಹೀಗೇ ಏರಿದರೆ ಹಿಂಡೇ ಇಳಿಯುತ್ತೆ. 2002ರಲ್ಲಿ 'ನಮ್ಮ ಜಿಂಕೆ ಕೊಲ್ಲಬೇಡಿ' ಅಂದವರ ಮಕ್ಕಳಿಗೆ ಆ ಕೆಲಸವನ್ನು ರೋಗವೇ ಮಾಡಿ ತೋರಿಸಲಿದೆ.

ಪರೀಕ್ಷೆ ಉಚಿತ ಇದ್ದರೂ ಎಲ್ಲರೂ ಮಾಡಿಸಲ್ಲ. ಸೋಂಕಿತ ಮಾಂಸ ಎಷ್ಟೋ ಮನೆಗಳ ತಟ್ಟೆಗೆ ಹೋಗ್ತಾನೇ ಇದೆ. ಇಷ್ಟು ವರ್ಷ ಏನೂ ಆಗಿಲ್ಲ ಅನ್ನೋದು ಸಮಾಧಾನದ ಮಾತು ನಿಜ. ಆದರೆ ಆ ಸಮಾಧಾನವನ್ನೇ ಒಂದು ಸರ್ಕಾರ ನೀತಿ ಮಾಡಿಕೊಳ್ಳೋಕಾಗಲ್ಲ. ರೋಗಕ್ಕೆ ಚುನಾವಣೆ ಇಲ್ಲ, ಬಜೆಟ್ ವರ್ಷ ಇಲ್ಲ, ಬೇಸರವೂ ಇಲ್ಲ. ಅದರ ಎದುರು ನಿಲ್ಲೋ ಇಲಾಖೆಗೆ ಮೊದಲು ಬೇಕಾಗಿರೋದು ಬಂದೂಕಲ್ಲ; ಇಪ್ಪತ್ತು ವರ್ಷ ಒಂದೇ ಕೆಲಸವನ್ನು ಸದ್ದಿಲ್ಲದೆ ಮಾಡೋಕೆ ಬೇಕಾದ ದುಡ್ಡು, ಮತ್ತೆ ಜಮೀನಿನ ಗೇಟು ತೆರೆಯುವಷ್ಟು ಜನರ ನಂಬಿಕೆ.