ದೋಷಪರಿಹಾರ ಬಿಡುಗಡೆ (ತಂತ್ರಾಂಶ)

ತಂತ್ರಾಂಶದಲ್ಲಿ ಕಂಡುಬಂದ ದೋಷಗಳನ್ನು ಸರಿಪಡಿಸಿ ತಯಾರಕರು ಕಳಿಸುವ ಅಪ್‌ಡೇಟ್. ಇದರ ಅವಧಿಗೆ ಒಂದೇ ನಿಯಮವಿಲ್ಲ: ಒರಾಕಲ್ ಮೂರು ತಿಂಗಳಿಗೊಮ್ಮೆ, ಮೈಕ್ರೋಸಾಫ್ಟ್ 2003ರ ಅಕ್ಟೋಬರಿನಿಂದ ತಿಂಗಳ ಎರಡನೇ ಮಂಗಳವಾರ ಬಿಡುಗಡೆ ಮಾಡುತ್ತವೆ. ಮೈಕ್ರೋಸಾಫ್ಟ್ ಬಿಡುಗಡೆ ಮಾಡುವ ಅಮೆರಿಕದ ಪಶ್ಚಿಮ ಕರಾವಳಿಯ ಬೆಳಗಿನ ಹತ್ತು ಗಂಟೆಯೆಂದರೆ ಭಾರತದಲ್ಲಿ ರಾತ್ರಿ ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ. ಹೀಗಾಗಿ ಶಿವಮೊಗ್ಗದ ನೆಹರೂ ರಸ್ತೆಯ ಅಂಗಡಿಯಲ್ಲೋ ಭದ್ರಾವತಿಯ ಸೈಬರ್ ಸೆಂಟರಿನಲ್ಲೋ ಅದು ಎದುರಾಗುವುದು ಬುಧವಾರ, ಬಿಲ್ ಹಾಕುವ, ಪಹಣಿ ತೆಗೆದುಕೊಡುವ ಗಡಿಬಿಡಿಯ ಹೊತ್ತಿಗೇ. ಆಗ ‘ಆಮೇಲೆ ನೋಡೋಣ’ ಎಂದು ಮುಂದೂಡುವುದು ಸಹಜ. ಆದರೆ 2017ರ ಮೇ 12ರಂದು ಜಗತ್ತಿಗೆಲ್ಲ ಹರಡಿದ ವನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶದ ದಾಳಿಯನ್ನು ತಡೆಯಲು ಬೇಕಿದ್ದ ಪರಿಹಾರ, ಬೆಂಬಲವಿದ್ದ ವಿಂಡೋಸ್ ಆವೃತ್ತಿಗಳಿಗೆ ಮಾರ್ಚ್ 14ರಂದೇ ಸಿಕ್ಕಿತ್ತು. ಇನ್ನು ತಯಾರಕರ ಮಟ್ಟಿಗೆ, ಸಣ್ಣಪುಟ್ಟ ದೋಷಗಳಿಗೆ ತಿಂಗಳ ಗಡುವು ಸಾಕು. ದಾಳಿಕೋರರು ಆಗಲೇ ಬಳಸುತ್ತಿರುವ ದೋಷಕ್ಕೆ ಕಂಪನಿಗಳು ಮುಂದಿನ ಮಂಗಳವಾರದವರೆಗೆ ಕಾಯುವುದು ತಪ್ಪು.