ಹಳೆಯ ಟ್ರ್ಯಾಕ್ಟರ್ ಎಂಜಿನ್ ಪುನರ್ನಿರ್ಮಾಣ: ಬಿಡಿಭಾಗಗಳ ಶೋಧನೆ ಮತ್ತು ಆಯ್ಕೆ

ಮೂವತ್ತು, ನಲವತ್ತು ವರ್ಷ ದುಡಿದ ಟ್ರ್ಯಾಕ್ಟರ್‌ಗಳು ರಾಜ್ಯದ ಅನೇಕ ಗ್ರಾಮಗಳಲ್ಲಿ ಇಂದಿಗೂ ಬಳಕೆಯಲ್ಲಿವೆ. ಹೊಗೆ ನೀಲಿ ಬಣ್ಣಕ್ಕೆ ತಿರುಗುವುದು, ಎಂಜಿನ್ ಆಯಿಲ್ ಬೇಗ ಇಳಿಯುವುದು, ಎಂಜಿನ್ ಬಿಸಿಯಾದೊಡನೆ ಆಯಿಲ್ ಒತ್ತಡ ಕುಸಿಯುವುದು ಇವು ಒಟ್ಟಿಗೆ ಕಂಡುಬಂದಲ್ಲಿ ಎಂಜಿನ್ ಬಿಚ್ಚುವ ಕಾಲ ಸಮೀಪಿಸಿದೆ ಎಂದು ತಿಳಿಯಬಹುದು.

ಬೇಸಾಯಶಾಸ್ತ್ರದವರಿಗೆ ಲೈನರು, ಪಿಸ್ಟನ್ನುಗಳ ಗೊಡವೆ ಏಕೆ ಎಂದು ನೀವು ಕೇಳಬಹುದು. ಕೆಂಪು ಮಣ್ಣಿನ ಖುಷ್ಕಿ ಜಮೀನಿನಲ್ಲಿ ಹದವಾದ ಮಳೆಯ ನಂತರ ಬಿತ್ತನೆಗೆ ತಕ್ಕ ತೇವ ಉಳಿಯುವುದು ಕೆಲವೇ ದಿನ. ಆ ದಿನಗಳಲ್ಲಿ ಎಂಜಿನ್ ಲೇತ್ ಅಂಗಡಿಯಲ್ಲಿ ಬಿಚ್ಚಿ ಬಿದ್ದಿದ್ದರೆ ಆಗುವ ನಷ್ಟವನ್ನು ಯಾವ ಗೊಬ್ಬರವೂ ತುಂಬಿಕೊಡಲಾರದು. ವಿಳಂಬಕ್ಕೆ ಕಾರಣ ಬಹುಮಟ್ಟಿಗೆ ದುರಸ್ತಿ ಕೆಲಸವಲ್ಲ. ಬಿಡಿಭಾಗ ದೊರೆಯದಿರುವುದು ಅಥವಾ ದೊರೆತದ್ದು ಹೊಂದದಿರುವುದು. ಆದ್ದರಿಂದ ಹಿಂಗಾರು ಕಟಾವು ಮುಗಿದೊಡನೆ, ಫೆಬ್ರವರಿ-ಮಾರ್ಚ್ ತಿಂಗಳಲ್ಲಿಯೇ ಈ ಕೆಲಸ ಕೈಗೊಳ್ಳುವುದು ಸೂಕ್ತ. ಏಪ್ರಿಲ್ ಅಂತ್ಯದವರೆಗೂ ಮುಖ್ಯ ಭಾಗಗಳು ಖಚಿತವಾಗದಿದ್ದಲ್ಲಿ ಎಂಜಿನ್ ಬಿಚ್ಚದೆ, ಮುಂಗಾರು ಬಿತ್ತನೆಗೆ ಕೃಷಿ ಯಂತ್ರಧಾರೆ ಕೇಂದ್ರದಿಂದ ಬಾಡಿಗೆ ಯಂತ್ರ ಪಡೆಯುವುದು ಲೇಸು.

ಮಾದರಿಯ ಹೆಸರನ್ನು ಮಾತ್ರ ನಂಬಬೇಡಿ

ಅಂಗಡಿಯಲ್ಲಿ ಟ್ರ್ಯಾಕ್ಟರಿನ ಹೆಸರು ಹೇಳಿ ಭಾಗ ಕೇಳುವುದು ರೂಢಿ. ಹಳೆಯ ಎಂಜಿನ್ನುಗಳಿಗೆ ಇದು ಸಾಲದು. ಒಂದೇ ಮಾದರಿಯಲ್ಲಿಯೂ ಕಾಲಕ್ರಮೇಣ ಬದಲಾವಣೆಗಳಾಗಿರುತ್ತವೆ. ಹಿಂದಿನ ಮಾಲೀಕರು ಬೇರೆ ಎಂಜಿನ್ ಕೂರಿಸಿರುವ ಸಾಧ್ಯತೆಯೂ ಉಂಟು. ಬ್ಲಾಕಿನ ಮೇಲೆ ಒತ್ತಿರುವ ಎಂಜಿನ್ ಸಂಖ್ಯೆಯನ್ನೂ ಎರಕದ ಸಂಖ್ಯೆಯನ್ನೂ ತಂತಿ ಬ್ರಷ್‌ನಿಂದ ಉಜ್ಜಿ ಬರೆದುಕೊಳ್ಳಿ.

ಉದಾಹರಣೆಗೆ, ಅನೇಕ ಹಳೆಯ ಮ್ಯಾಸಿ ಫರ್ಗುಸನ್ ಟ್ರ್ಯಾಕ್ಟರ್‌ಗಳಲ್ಲಿ ಪರ್ಕಿನ್ಸ್ ವಿನ್ಯಾಸದ ಮೂರು ಸಿಲಿಂಡರಿನ ಎಡಿ3.152 ಎಂಜಿನ್ ಇದೆ. ಇದರ ಬೋರ್ 91.4 ಮಿ.ಮೀ., ಸ್ಟ್ರೋಕ್ 127 ಮಿ.ಮೀ. ಪರ್ಕಿನ್ಸ್‌ನ ನಾಲ್ಕು ಸಿಲಿಂಡರಿನ 4.203 ಎಂಜಿನ್ನಿನ ಅಳತೆಗಳೂ ಇವೇ. ಹಾಗೆಂದು ಪಿಸ್ಟನ್ ಅದಲುಬದಲು ಮಾಡಲಾಗದು. 4.203ರಲ್ಲಿ ಡೀಸೆಲ್ ಪ್ರತ್ಯೇಕ ಕೋಣೆಯೊಂದರಲ್ಲಿ ಉರಿಯಲಾರಂಭಿಸುತ್ತದೆ, ಎಡಿ3.152ರಲ್ಲಿ ಪಿಸ್ಟನ್ ತಲೆಯ ಬಟ್ಟಲಿಗೆ ನೇರವಾಗಿ ಸಿಂಪರಣೆಯಾಗುತ್ತದೆ. ವ್ಯಾಸ ಸರಿಹೊಂದಿದ ಮಾತ್ರಕ್ಕೆ ಪಿಸ್ಟನ್ ಸರಿಹೊಂದಿತೆಂದು ಭಾವಿಸತಕ್ಕದ್ದಲ್ಲ. ಗಜನ್ ಪಿನ್ನಿನ ವ್ಯಾಸ, ಪಿನ್ನಿನ ನಡುವಿನಿಂದ ಪಿಸ್ಟನ್ ತಲೆಯವರೆಗಿನ ಎತ್ತರ, ಬಟ್ಟಲಿನ ಆಕಾರ ಮತ್ತು ಆಳ, ರಿಂಗ್ ಗಾಡಿಗಳ ಅಗಲ ಇವೆಲ್ಲ ಹಳೆಯದರೊಂದಿಗೆ ತಾಳೆಯಾಗಬೇಕು. ಆದ್ದರಿಂದ ಹೊಸ ಭಾಗ ಕೈಸೇರುವವರೆಗೆ ಹಳೆಯ ಪಿಸ್ಟನ್ನನ್ನು ಗುಜರಿಗೆ ಹಾಕಬೇಡಿ.

ಎಚ್‌ಎಂಟಿ ಟ್ರ್ಯಾಕ್ಟರುಗಳದು ಬೇರೆಯೇ ಸ್ಥಿತಿ. ಚೆಕೊಸ್ಲೊವಾಕಿಯಾದ ಝೆಟರ್ ವಿನ್ಯಾಸದಲ್ಲಿ 1971ರಿಂದ ಪಿಂಜೋರ್‌ನಲ್ಲಿ ತಯಾರಾಗುತ್ತಿದ್ದ ಈ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ನಿರ್ಧರಿಸಿತು. ಆದರೂ ರೈತರಿಗೆ ಅನುಕೂಲಕರವಾದ ಒಂದು ಸಂಗತಿ ಆ ವಿನ್ಯಾಸದಲ್ಲಿಯೇ ಇದೆ. ಝೆಟರ್ ತನ್ನ ಎರಡು, ಮೂರು ಮತ್ತು ನಾಲ್ಕು ಸಿಲಿಂಡರಿನ ಎಂಜಿನ್ನುಗಳಿಗೆ ಸಾಧ್ಯವಾದಷ್ಟು ಸಮಾನ ಭಾಗಗಳನ್ನು ಬಳಸಿತ್ತು. ನಿಮ್ಮ ಮಾದರಿಯ ಭಾಗ ಸಿಗದಿದ್ದರೆ ಅದೇ ಕುಟುಂಬದ ಇನ್ನೊಂದು ಮಾದರಿಯದನ್ನು ಕೇಳಿನೋಡಿ; ಅಳೆದು ತಾಳೆ ನೋಡಿದ ನಂತರವೇ ಕೊಳ್ಳಿ.

ಮೊದಲು ಬೇರಿಂಗ್, ಅನಂತರ ಗ್ರೈಂಡಿಂಗ್

ಈ ಲೇಖನದಿಂದ ಒಂದೇ ಅಂಶವನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ. ಕ್ರ್ಯಾಂಕ್ ಶಾಫ್ಟ್ ಸವೆದಿದ್ದರೆ ಅದನ್ನು ಸಾಮಾನ್ಯವಾಗಿ 0.25, 0.50 ಅಥವಾ 0.75 ಮಿ.ಮೀ. ಹಂತಗಳಲ್ಲಿ ಅರೆದು, ಅದಕ್ಕೆ ತಕ್ಕ ಅಂಡರ್‌ಸೈಜ್ ಬೇರಿಂಗ್ ಹಾಕಲಾಗುತ್ತದೆ. ಲೇತ್‌ನವರು ಕೂಡಲೇ ಅರೆದುಕೊಡಲು ಸಿದ್ಧರಿರುತ್ತಾರೆ. ಅರೆದಾದ ಮೇಲೆ ಆ ಅಳತೆಯ ಬೇರಿಂಗ್ ಪೇಟೆಯಲ್ಲಿ ಇಲ್ಲವೆಂದು ತಿಳಿದರೆ ಮುಂದಿನ ಹಂತಕ್ಕೆ ಮತ್ತೆ ಅರೆಯಬೇಕು. ಹಾಗೆ ಕ್ರ್ಯಾಂಕಿನ ಒಂದು ಆಯುಷ್ಯವೇ ವ್ಯರ್ಥವಾಗುತ್ತದೆ. ಮೊದಲು ಮೈಕ್ರೋಮೀಟರ್‌ನಿಂದ ಜರ್ನಲ್‌ಗಳನ್ನು ಅಳೆಸಿ, ಎಷ್ಟು ಅರೆದರೆ ಸಾಕೆಂದು ತಿಳಿಯಿರಿ. ಹಳೆಯ ಬೇರಿಂಗಿನ ಬೆನ್ನಿನ ಮೇಲಿರುವ ಗುರುತನ್ನೂ ನೋಡಿ. ಹಿಂದೆ ಎಷ್ಟು ಅರೆಯಲಾಗಿದೆ ಎಂಬುದು ಅಲ್ಲಿಯೇ ತಿಳಿಯುತ್ತದೆ. ಮೇನ್ ಮತ್ತು ಕನೆಕ್ಟಿಂಗ್ ರಾಡ್ ಬೇರಿಂಗುಗಳ ಪೂರ್ಣ ಸೆಟ್ ಕೈಗೆ ಬಂದ ನಂತರವೇ ಕ್ರ್ಯಾಂಕನ್ನು ಯಂತ್ರಕ್ಕೆ ಕೊಡಿ. ಬೋರಿಂಗ್ ಮಾಡಿಸುವಾಗಲೂ ಇದೇ ಕ್ರಮ: ಪಿಸ್ಟನ್ ಮುಂದಿಟ್ಟುಕೊಂಡು ಬೋರ್, ಬೋರ್ ಮಾಡಿಸಿ ಪಿಸ್ಟನ್ ಹುಡುಕುವುದಲ್ಲ.

ಎಡಿ3.152ರಂತಹ ಎಂಜಿನ್ನುಗಳಲ್ಲಿ ಲೈನರ್ ಹೊರಮೈಗೆ ನೀರು ತಾಗುವುದಿಲ್ಲ. ಝೆಟರ್ ವಿನ್ಯಾಸದಲ್ಲಿ ನೀರು ತಾಗುತ್ತದೆ. ಅಲ್ಲಿ ರಬ್ಬರ್ ರಿಂಗುಗಳು ಕಡ್ಡಾಯವಾಗಿ ಹೊಸವಾಗಿರಬೇಕು. ಇವುಗಳ ಬೆಲೆ ಅತ್ಯಲ್ಪ, ಆದರೆ ಸೋರಿದ ನೀರು ಆಯಿಲ್ ಸಂಪಿಗೆ ಇಳಿದರೆ ಹೊಸ ಬೇರಿಂಗುಗಳೂ ಉಳಿಯವು.

ಎಲ್ಲಿ ಹುಡುಕಬೇಕು

ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗ ಪೇಟೆಗಳಲ್ಲಿ ಹಳೆಯ ದಾಸ್ತಾನು ಇರಿಸಿಕೊಂಡಿರುವ ವರ್ತಕರಿದ್ದಾರೆ. ಲೂಧಿಯಾನ ಮತ್ತು ರಾಜ್‌ಕೋಟ್ ಕಡೆಯಿಂದ ಬರುವ ಭಾಗಗಳೂ ಅಲ್ಲಿ ದೊರೆಯುತ್ತವೆ. ಅವುಗಳಲ್ಲಿ ಉತ್ತಮವಾದವೂ ಇವೆ, ಹೆಸರು ಮಾತ್ರ ಉತ್ತಮವಾದವೂ ಇವೆ. ಪೆಟ್ಟಿಗೆಯ ಮೇಲಿನ ಸಂಖ್ಯೆಗೂ ಭಾಗದ ಮೇಲಿನ ಸಂಖ್ಯೆಗೂ ಹೊಂದಾಣಿಕೆ ಇದೆಯೇ ಎಂದು ಅಂಗಡಿಯಲ್ಲಿಯೇ ನೋಡಿ. ಹೊಂದದಿದ್ದರೆ ಹಿಂತಿರುಗಿಸುವ ಮಾತನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಗುಜರಿ ಟ್ರ್ಯಾಕ್ಟರಿನಿಂದ ಬ್ಲಾಕ್, ಸಿಲಿಂಡರ್ ಹೆಡ್, ಕ್ರ್ಯಾಂಕ್, ಕನೆಕ್ಟಿಂಗ್ ರಾಡ್ ತೆಗೆದುಕೊಳ್ಳಲು ಅಡ್ಡಿಯಿಲ್ಲ, ಬಿರುಕು ಪರೀಕ್ಷೆ ಮಾಡಿಸಿದ್ದರೆ ಮಾತ್ರ. ಬೇರಿಂಗ್, ರಿಂಗ್, ಗ್ಯಾಸ್ಕೆಟ್ ಹಾಗೂ ಕನೆಕ್ಟಿಂಗ್ ರಾಡ್ ಬೋಲ್ಟುಗಳನ್ನು ಎಂದಿಗೂ ಹಳೆಯವು ಬಳಸಬಾರದು. ಡೀಸೆಲ್ ಪಂಪಿನ ಭಾಗಗಳನ್ನು ಟ್ರ್ಯಾಕ್ಟರಿನ ಹೆಸರಿನಿಂದಲ್ಲ, ಪಂಪಿನ ಮೇಲಿರುವ ಫಲಕದ ಸಂಖ್ಯೆಯಿಂದ ಕೇಳಬೇಕು. ಫಲಕದಲ್ಲಿ ಮೈಕೋ ಎಂದಿದ್ದರೆ ಇಂದಿನ ಬಾಷ್ ವರ್ತಕರಲ್ಲಿ ವಿಚಾರಿಸಿ. ಆ ಸಂಸ್ಥೆಗೆ 2008ರಲ್ಲಿ ಹೆಸರು ಬದಲಾಗಿದೆ. ಪಂಪು ಮತ್ತು ನಾಜಲ್‌ಗಳನ್ನು ಪರೀಕ್ಷಾ ಬೆಂಚಿನ ಮೇಲೆ ಸರಿಹೊಂದಿಸಿ, ಅಳತೆಗಳ ಚೀಟಿಯನ್ನು ಪಡೆದ ನಂತರವೇ ಎಂಜಿನ್ನಿಗೆ ಕೂರಿಸತಕ್ಕದ್ದು.