ಕಡಲು ತೆರೆದೇ ಇತ್ತು

1993ರ ಮಾರ್ಚ್ 12ರಂದು ಮುಂಬಯಿಯಲ್ಲಿ ನಡೆದ ಸರಣಿ ಬಾಂಬ್ ಸ್ಫೋಟಗಳಿಗೆ 257 ಮಂದಿ ಬಲಿಯಾದರು. ಸ್ಫೋಟಕಗಳನ್ನು ದೋಣಿಗಳಲ್ಲಿ ತಂದು ರಾಯಗಡದ ಕರಾವಳಿಯಲ್ಲಿ ಇಳಿಸಲಾಗಿತ್ತು. ಹದಿನೈದು ವರ್ಷಗಳ ನಂತರವೂ ಕಡಲಿನ ಕಾವಲು ಬಿಗಿಯಾಗಿರಲಿಲ್ಲ.

2008ರ ನವೆಂಬರ್ 26ರ ರಾತ್ರಿ, ಕರಾಚಿಯಿಂದ ಹೊರಟ ಹತ್ತು ಲಷ್ಕರ್ ಉಗ್ರರು ನಡುಗಡಲಲ್ಲಿ ಭಾರತದ ಮೀನುಗಾರಿಕಾ ದೋಣಿಯೊಂದನ್ನು ವಶಪಡಿಸಿಕೊಂಡು ಬಂದು, ರಬ್ಬರ್ ದೋಣಿಯಲ್ಲಿ ಕೊಲಾಬಾ ದಡ ಸೇರಿದರು. ಉಗ್ರರನ್ನು ಎದುರಿಸಲೆಂದೇ 1984ರಲ್ಲಿ ರಚಿತವಾದ ರಾಷ್ಟ್ರೀಯ ಭದ್ರತಾ ದಳದ ಕಮಾಂಡೊಗಳು ಆಗ ಇದ್ದದ್ದು ದೂರದ ಹರಿಯಾಣದ ಮಾನೇಸರದಲ್ಲಿ! ಅವರನ್ನು ಒಯ್ಯುವ ವಿಮಾನ ಚಂಡೀಗಢದಿಂದ ದಿಲ್ಲಿಗೆ ಬರಬೇಕಾಯಿತು. ಅವರು ಮುಂಬಯಿ ಮುಟ್ಟುವಾಗ ಬೆಳಗಾಗಿತ್ತು. ತಾಜ್ ಹೋಟೆಲಿನ ಕಾರ್ಯಾಚರಣೆಯಲ್ಲಿ ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಮಡಿದರು.

ಡಿಸೆಂಬರ್‌ನಲ್ಲಿಯೇ ರಾಷ್ಟ್ರೀಯ ತನಿಖಾ ಸಂಸ್ಥೆಯ ಕಾಯ್ದೆ ಬಂತು. 2009ರಲ್ಲಿ ಮುಂಬಯಿ, ಚೆನ್ನೈ, ಹೈದರಾಬಾದ್, ಕೋಲ್ಕತ್ತಗಳಲ್ಲಿ ಕಮಾಂಡೊ ನೆಲೆಗಳು ಆರಂಭವಾದವು.